ಆಷಾಢದ ಗಾಳಿಗೂ ಆರದ ಒಲೆ: ಹಿತ್ತಲ ಅಡುಗೆಕಟ್ಟೆ ಕಟ್ಟಿಸಿದ ನನ್ನ ಅನುಭವ

ಹಿತ್ತಲಿನಲ್ಲಿ ಅಡುಗೆಕಟ್ಟೆ ಕಟ್ಟಿಸಬೇಕು ಎಂದುಕೊಂಡವರು ನಮ್ಮ ಮನೆಗೆ ಬಂದಾಗ ಮೊದಲು ಕೇಳುವುದು ಕಲ್ಲಿನ ವಿಚಾರ. ಯಾವ ಕಲ್ಲು, ಎಷ್ಟು ಅಗಲ, ಪಾಲಿಶ್ ಎಲ್ಲಿ ಮಾಡಿಸಿದಿರಿ? ನಾನು ಅವರನ್ನು ಮೊದಲು ಮನೆಯ ದಕ್ಷಿಣದ ಸಂದಿಗೆ ಕರೆದುಕೊಂಡು ಹೋಗುತ್ತೇನೆ. ಬಾಗಲಕೋಟೆಯ ನವನಗರದಲ್ಲಿ ಮಳೆಗಾಲದ ಪಡುವಣ ಗಾಳಿ ಸಾಮಾನ್ಯದ್ದಲ್ಲ. ಮನೆಯ ಗೋಡೆಗೂ ಕಂಪೌಂಡಿಗೂ ನಡುವಿನ ಆ ನಾಲ್ಕು ಅಡಿ ಸಂದಿಯಲ್ಲಿ ಅದು ಇನ್ನಷ್ಟು ರಭಸದಿಂದ ನುಗ್ಗಿ ಹಿತ್ತಲಿಗೆ ಬರುತ್ತದೆ. ವರ್ಷವಿಡೀ ಹೊರಗೆ ಅಡುಗೆ ಮಾಡಬೇಕೆಂದರೆ ಮೊದಲು ಇತ್ಯರ್ಥವಾಗಬೇಕಾದದ್ದು ಈ ಗಾಳಿ. ಕಲ್ಲನ್ನು ಆಮೇಲೆ ಆರಿಸಿದರೂ ನಡೆಯುತ್ತದೆ.

ನಮ್ಮದು ದಿನವೂ ಜೋಳದ ರೊಟ್ಟಿ ಬಡಿಯುವ ಮನೆ. ಹಬ್ಬ, ಜಾತ್ರೆ ಬಂದರೆ ಕಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲವೂ ರಾಶಿ ರಾಶಿಯಾಗಿ ಬೇಕು. ಇಷ್ಟನ್ನೂ ಒಳಗಿನ ಗ್ಯಾಸಿನ ಮೇಲೆ ಮಾಡಿದರೆ, ಅದರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ, ರಾತ್ರಿಯಾದರೂ ಮನೆ ತಣಿಯುವುದಿಲ್ಲ.

ಗಾಳಿ ರೊಟ್ಟಿಗೆ ಏನು ಮಾಡುತ್ತದೆ ಎಂಬುದನ್ನು ಬಡಿಯುವವರೇ ಬಲ್ಲರು. ಎಸರು ಹಾಕಿ ನಾದಿದ ಹಿಟ್ಟು ಚೆನ್ನಾಗಿಯೇ ಇರುತ್ತದೆ, ರೊಟ್ಟಿಯೂ ತೆಳ್ಳಗೆ ಬರುತ್ತದೆ. ಹಂಚಿಗೆ ಹಾಕಿ ಮೇಲೆ ನೀರು ಸವರುತ್ತೀರಿ. ಗಾಳಿಯ ಕಡೆಗಿರುವ ಹಂಚಿನ ಅಂಚಿಗೆ ಉರಿ ತಾಗದೆ ಅಲ್ಲಿ ನೀರು ಹಸಿಯಾಗಿಯೇ ನಿಲ್ಲುತ್ತದೆ, ಎದುರಿನ ಅಂಚು ಆಗಲೇ ಕಂದುಗಟ್ಟಿರುತ್ತದೆ. ಮಗುಚುವಾಗ ಹಸಿ ಭಾಗ ಹರಿಯುತ್ತದೆ. ಹರಿದ ರೊಟ್ಟಿಯಿಂದ ಆವಿ ಹೊರಬೀಳುವುದರಿಂದ ಅದು ಉಬ್ಬುವುದೇ ಇಲ್ಲ. ಉರಿ ಹೆಚ್ಚಿಸಿದರೆ ಕಂದಿದ ಕಡೆ ಸುಡುತ್ತದೆಯೇ ಹೊರತು ಹಸಿ ಕಡೆ ಬೇಯುವುದಿಲ್ಲ.

ಆದ್ದರಿಂದ ಗೌಂಡಿಯನ್ನು ಕರೆಸುವ ಮೊದಲು ಹಿತ್ತಲಿನ ಮೂಲೆಗಳಲ್ಲಿ ಕೋಲು ನೆಟ್ಟು ಹಳೆಯ ಸೀರೆಯ ಪಟ್ಟಿಗಳನ್ನು ಕಟ್ಟಿದೆ. ಕಾರಹುಣ್ಣಿಮೆಯಿಂದ ಸಂಕ್ರಾಂತಿ ಕಳೆಯುವವರೆಗೂ ಅವು ಅಲ್ಲಿಯೇ ಇದ್ದವು. ಮಳೆಗಾಲದಲ್ಲಿ ಪಟ್ಟಿಗಳು ಪೂರ್ವಕ್ಕೆ ಹಾರಿದವು. ದೀಪಾವಳಿಯ ನಂತರ ಮೂಡಗಾಳಿ ಶುರುವಾಗಿ ಮನೆಯ ಕಡೆಗೇ ತಿರುಗಿದವು. ನಮ್ಮ ಮನೆಗೆ ಪಶ್ಚಿಮದ ಬಾಗಿಲು, ಹಿತ್ತಲು ಪೂರ್ವಕ್ಕಿದೆ. ಒಲೆ ಆಗ್ನೇಯಕ್ಕೇ ಇರಬೇಕು ಎಂದು ಅತ್ತೆಯವರು ಹಟ ಹಿಡಿದಿದ್ದರು, ಗಾಳಿಯ ಲೆಕ್ಕವೂ ಅವರ ಮಾತನ್ನೇ ಹಿಡಿಯಿತು. ಅಲ್ಲಿ ಒಲೆ ಹೂಡಿದರೆ ಮಳೆಗಾಲದ ಹೊಗೆ ಮನೆಯಿಂದ ದೂರ ಹೋಗುತ್ತದೆ. ಚಳಿಗಾಲದ ಹೊಗೆಗೆ ಮಾತ್ರ ಬೇರೆ ದಾರಿ ಬೇಕಾಗಿತ್ತು.

ಸಂದಿಯ ಬಾಯಿಗೆ ಗೋಡೆ ಎಬ್ಬಿಸಿಬಿಡೋಣ ಎಂದು ಗೌಂಡಿ ಹೇಳಿದರು. ನಾನು ಒಪ್ಪಲಿಲ್ಲ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲಿನಿಂದ ಹಾರಿ ಆಚೆ ಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ, ಒಲೆಯ ಬೂದಿಯನ್ನೆಲ್ಲ ಎಬ್ಬಿಸುತ್ತದೆ. ಸುಮಾರು ಅರ್ಧದಷ್ಟು ತೂತಿರುವ ಸಿಮೆಂಟ್ ಜಾಲಿ ಇಟ್ಟಿಗೆಯಿಂದ ಆರು ಅಡಿ ಎತ್ತರಕ್ಕೆ ಕಟ್ಟಿಸಿದೆವು. ಜಾಲಿಯ ಮೂಲಕ ಸ್ವಲ್ಪ ಗಾಳಿ ಸೋಸಿ ಬರುವುದರಿಂದ ಸುಳಿ ಏಳುವುದಿಲ್ಲ. ಒಲೆಯ ಪಶ್ಚಿಮಕ್ಕೆ ಮಾತ್ರ, ಹಂಚಿನ ಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ, ಗಟ್ಟಿಯಾದ ಗಿಡ್ಡ ಗೋಡೆ ಇದೆ. ಆಷಾಢದಲ್ಲಿ ಈಗ ಹಂಚು ಸುತ್ತಲೂ ಒಂದೇ ಸಮನೆ ಕಾಯುತ್ತದೆ.

ಚಾವಣಿ ತಗಡಿನದು. ಪಶ್ಚಿಮದ ಅಂಚು ಎಂಟು ಅಡಿ, ಪೂರ್ವದ್ದು ಹತ್ತು. ಮೇಲೇರಿದ ಬಿಸಿಗಾಳಿ ತಗಡಿನ ತಳವನ್ನು ಹಿಡಿದು ಎತ್ತರದ ಕಡೆಯಿಂದ ತಾನಾಗಿ ಹೊರಬೀಳುತ್ತದೆ, ಮಳೆನೀರು ಪಶ್ಚಿಮದ ದೋಣಿಗೆ ಇಳಿಯುತ್ತದೆ. ಬಾಗಲಕೋಟೆಯಲ್ಲಿ ವರ್ಷದ ಮಳೆಯೇ ಸರಾಸರಿ 600 ಮಿ.ಮೀ.ಗಿಂತ ಕಡಿಮೆ, ಅದರಲ್ಲಿ ದೊಡ್ಡ ಪಾಲು ಉತ್ತರೆ, ಹಸ್ತದ ಹೊತ್ತಿಗೆ ಒಮ್ಮೆಲೇ ಸುರಿಯುತ್ತದೆ. ಅದಕ್ಕಿಂತ ಹೆಚ್ಚು ಭಯ ಮೇ ತಿಂಗಳ ಗುಡುಗು ಗಾಳಿಯದು. ಅದು ತಗಡನ್ನು ಕೆಳಗಿನಿಂದ ಎತ್ತುತ್ತದೆ. ಮೇಲೆ ಕಲ್ಲು ಹೇರಿ ಸುಮ್ಮನಾಗುವ ರೂಢಿಯನ್ನು ದಯವಿಟ್ಟು ಬಿಡಿ, ಗಾಳಿಗೆ ಆ ಕಲ್ಲೇ ತಲೆಯ ಮೇಲೆ ಬೀಳುತ್ತದೆ. ಕಬ್ಬಿಣದ ಚೌಕಟ್ಟಿಗೆ ಕೊಕ್ಕೆ ಬೋಲ್ಟ್ ಹಾಕಿಸಿ, ಕಂಬಗಳ ಬುಡಕ್ಕೆ ಕಾಂಕ್ರೀಟ್ ತುಂಬಿಸಿ. ತಗಡಿನ ಮೇಲ್ಮೈಗೆ ಪ್ರತಿ ಯುಗಾದಿಯ ಮೊದಲು ಬಿಳಿ ಬಣ್ಣ ಬಳಿಸುತ್ತೇವೆ, ಕೆಳಗೆ ನಿಂತವರ ತಲೆಗೆ ಅದರ ವ್ಯತ್ಯಾಸ ಗೊತ್ತಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮನೆಯ ನೆರಳೇ ಅಡ್ಡ ಬರುತ್ತದೆ.

ನಮ್ಮ ಜಾಗ ಎರೆಮಣ್ಣಿನದು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಟ್ಟೆ ಹಾಕಿದರೆ ಎರಡು ಮಳೆಗಾಲ ಕಳೆಯುವುದರೊಳಗೆ ಸೀಳುತ್ತದೆ. ಮೂರು ಅಡಿ ಎರೆ ತೆಗೆಸಿ, ಗರಸು ಮಣ್ಣು ತುಂಬಿಸಿ, ಪದರ ಪದರವಾಗಿ ನೀರು ಹೊಡೆದು ಬಡಿಸಿದೆವು. ಕಟ್ಟೆಯನ್ನು ಮನೆಯ ಗೋಡೆಗೆ ಅಂಟಿಸದೆ ಒಂದು ಇಂಚು ಬಿಟ್ಟಿದ್ದೇವೆ, ಎರಡೂ ಬೇರೆ ಬೇರೆಯಾಗಿ ಅಲುಗಾಡಲಿ ಎಂದು.

ಒಲೆ ಕಟ್ಟಿಗೆಯದೇ ಆಗಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆಯ ತತ್ವವನ್ನೇ ಹಿಡಿದೆವು: ಕಟ್ಟಿಗೆಯ ಕೆಳಗೆ ಕಬ್ಬಿಣದ ಜಾಳಿಗೆ, ಅದರಡಿಯಿಂದ ಗಾಳಿ, ಮುಂದಿನ ಕುಳಿಯಲ್ಲಿ ಹಂಚು, ಹಿಂದಿನ ಕುಳಿಯಲ್ಲಿ ಅದೇ ಶಾಖಕ್ಕೆ ಕಾಯುವ ಎಸರಿನ ನೀರು, ಕೊನೆಗೆ ಹೊಗೆ ಕೊಳವೆ. ಕೊಳವೆಯನ್ನು ಮನೆಯ ಮಾಳಿಗೆಯ ಗೋಡೆಗಿಂತ ಎತ್ತರಕ್ಕೆ ಒಯ್ದಿದ್ದರಿಂದ ಚಳಿಗಾಲದ ಮೂಡಗಾಳಿಗೂ ಹೊಗೆ ಕಿಟಕಿಗೆ ಬರುವುದಿಲ್ಲ. ಒಳಗಿನ ಮಸಿಯನ್ನು ಆಗಾಗ ಕೆರೆಯದಿದ್ದರೆ ಮಾತ್ರ ಹೊಗೆ ಒಲೆಯ ಬಾಯಿಗೇ ವಾಪಸಾಗುತ್ತದೆ. ಬೆಂಕಿ ತಾಗುವ ಕಡೆ ಸಿಮೆಂಟ್ ಸಲ್ಲದು, ಕಾವಿಗೆ ಅದು ಬಿರಿದು ಉದುರುತ್ತದೆ. ಇಟ್ಟಿಗೆಯನ್ನು ಮಣ್ಣಿನಲ್ಲೇ ಕೂಡಿಸಿ, ಹೊಟ್ಟು ಮತ್ತು ಸೆಗಣಿ ಬೆರೆಸಿದ ಮಣ್ಣನ್ನು ಮೆತ್ತಬೇಕು. ಅತ್ತೆಯವರು ಇದನ್ನು ತಮ್ಮ ಕೈಯಾರೆ ಮೆತ್ತಿದರು. ಬೆರಳಿಗೆ ಹಿಟ್ಟು ಹತ್ತಿದಂತೆ ಹತ್ತಿದರೆ ಮಣ್ಣಿಗೆ ನೀರು ಹೆಚ್ಚಾಗಿದೆ ಎಂದು ನನಗೆ ತೋರಿಸಿಕೊಟ್ಟರು.

ಅವರು ಮಣೆಯ ಮೇಲೆ ಕುಳಿತು ಬಡಿಯುವವರು, ನಾನು ನಿಂತು. ಹೀಗಾಗಿ ಒಲೆ ನೆಲಮಟ್ಟದಲ್ಲಿದೆ, ಗ್ಯಾಸಿನ ಕಟ್ಟೆ 32 ಇಂಚು ಎತ್ತರ, ನಾನು ರೊಟ್ಟಿ ಬಡಿಯುವ ಕಲ್ಲು 28 ಇಂಚು. ಬಡಿಯುವುದಕ್ಕೆ ಭುಜದಿಂದ ಭಾರ ಇಳಿಯಬೇಕು. ಎಲ್ಲ ಕಟ್ಟೆಯನ್ನೂ ಒಂದೇ ಎತ್ತರಕ್ಕೆ ಮಾಡಿದರೆ ನೋಡಲು ಚೆಂದ, ಸಂಜೆಯ ಹೊತ್ತಿಗೆ ಹೆಗಲು ಹಿಡಿಯುತ್ತದೆ.

ಈಗ ಕಲ್ಲು. ಕಡಪಾ ಅಗ್ಗ, ಆದರೆ ಅದು ಸುಣ್ಣದ ಜಾತಿಯ ಕಲ್ಲು, ಹುಣಸೆ ಮತ್ತು ಲಿಂಬೆಯ ಹುಳಿ ಬಿದ್ದಲ್ಲೆಲ್ಲ ಹೊಳಪು ತಿನ್ನುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ನಮ್ಮ ಜಿಲ್ಲೆಯದೇ, ಹುಳಿಗೆ ಜಗ್ಗುವುದಿಲ್ಲ. ನೆಲಕ್ಕೆ ಗುಳೇದಗುಡ್ಡದ ಕಲ್ಲನ್ನು ಪಾಲಿಶ್ ಇಲ್ಲದೆ ಹಾಸಿದ್ದೇವೆ, ಒದ್ದೆಯಾದರೂ ಕಾಲು ಜಾರುವುದಿಲ್ಲ.

ಗ್ಯಾಸಿನ ವಿಷಯದಲ್ಲಿ ಹೊರಗಿದೆ ಎಂಬ ಧೈರ್ಯ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಕಟ್ಟಿಗೆ ಒಲೆ ನೆಲಮಟ್ಟದಲ್ಲಿರುವ ನಮ್ಮಂಥ ಕಡೆ ಸಿಲಿಂಡರನ್ನು ಇನ್ನೊಂದು ತುದಿಗೆ, ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿ, ಕೆಳಗೆ ಗಾಳಿಕಿಂಡಿ ಬಿಡಲೇಬೇಕು. ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಕಟ್ಟಿಗೆ ಒಲೆ ಹಚ್ಚಿದಾಗ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಇರುತ್ತದೆ, ಇದು ನಮ್ಮ ಮನೆಯ ಕಟ್ಟುನಿಟ್ಟು. ವಿದ್ಯುತ್ ಪ್ಲಗ್ಗಿಗೆ ಮುಚ್ಚಳದ ಪೆಟ್ಟಿಗೆ, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನಾಗಿ ಬಂದ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದೇವೆ. ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುವ ಜಾಗ ಅದು.

ಕಟ್ಟಿಗೆಯನ್ನು ನೆಲದಿಂದ ಒಂದೂವರೆ ಅಡಿ ಎತ್ತರದ ಕಲ್ಲುಹಾಸಿನ ಮೇಲೆ ಒಟ್ಟುತ್ತೇವೆ, ಚೇಳು ಅಡಗಿದ್ದರೆ ಕೆಳಗೆ ಬಗ್ಗಿ ನೋಡಬಹುದು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಬೇಗ ಹೊತ್ತಿ ಎತ್ತರದ ಉರಿ ಕೊಡುತ್ತವೆ, ಮೆತ್ತನೆಯ ರೊಟ್ಟಿಗೆ ಅದೇ ಬೇಕು. ಕಡಕ್ ರೊಟ್ಟಿ ಒಣಗಿಸಲು, ಬದನೆಕಾಯಿ ಸುಡಲು ಜಾಲಿಮರದ ಕಟ್ಟಿಗೆಯ ಕೆಂಡ. ಕುಳ್ಳನ್ನು, ಅಂದರೆ ಸೆಗಣಿಯ ಬೆರಣಿಯನ್ನು, ಶಿವರಾತ್ರಿಯ ಆಚೆಗೇ ಒಣಗಿಸಿ ಒಳಗೆ ಸೇರಿಸಿಬಿಡಬೇಕು, ಮಿರಗದ ಮಳೆ ಬಿದ್ದ ಮೇಲೆ ಅದು ಹೊಗೆಯನ್ನಷ್ಟೇ ಕೊಡುತ್ತದೆ. ಪಾತ್ರೆಯನ್ನು ಒಲೆಯ ಬೂದಿಯಿಂದಲೇ ತಿಕ್ಕುತ್ತೇವೆ. ಮೋರಿಯ ನೀರು ಜಾಳಿಗೆ ದಾಟಿ ಒಂದು ಸಣ್ಣ ಗುಂಡಿಯಲ್ಲಿ ನಿಂತು, ಬೂದಿ ತಳಕ್ಕಿಳಿದ ಮೇಲೆ ಬಾಳೆಯ ಬುಡಕ್ಕೆ ಹರಿಯುತ್ತದೆ. ಆ ಗುಂಡಿಯನ್ನು ಅಮಾವಾಸ್ಯೆಗೊಮ್ಮೆ ಬಳಿಯುವ ಕೆಲಸ ಮಗನದು.