ಮನೆ ನಿಮ್ಮದೇ, ಕಿಟಕಿ ಬದಲಿಸಲು ಕೌನ್ಸಿಲ್ ಒಪ್ಪಬೇಕು: ಬ್ರಿಟನ್ನಿನ ಪರಂಪರೆ ಕಾನೂನು, ಕನ್ನಡಿಗರಿಗಾಗಿ

ಸಂರಕ್ಷಿತ ಸ್ಮಾರಕ ಅಂದರೆ ನಮ್ಮ ಕಣ್ಣಿಗೆ ಬರುವುದು ನೀಲಿ ಬೋರ್ಡು, ಕಬ್ಬಿಣದ ಬೇಲಿ, ಗೇಟಿನ ಪಕ್ಕ ಕುರ್ಚಿ ಹಾಕಿ ಕೂತ ಕಾವಲುಗಾರ. ಐಹೊಳೆಯಲ್ಲೋ ಬಳ್ಳಿಗಾವಿಯಲ್ಲೋ ಇರುವಂಥದ್ದು, ನಾವು ವಾಸಿಸುವ ಮನೆಗೂ ಅದಕ್ಕೂ ಸಂಬಂಧವಿಲ್ಲ. ಬ್ರಿಟನ್ನಿಗೆ ಬಂದು ಮನೆ ಮಾಡಿದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಸಾಲ ಮಾಡಿ ಕೊಂಡ ಮನೆಯ ಕಿಟಕಿ, ಹಿತ್ತಲ ಮರ, ಮಗ ಹೊಲದಲ್ಲಿ ಹೆಕ್ಕಿ ತಂದ ನಾಣ್ಯ, ಸೂಟ್‌ಕೇಸಿನಲ್ಲಿ ಬಂದ ಅಜ್ಜಿಯ ಬಾಲಕೃಷ್ಣ: ಒಂದೊಂದಕ್ಕೂ ಒಂದೊಂದು ಕಾಯ್ದೆ ಇದೆ. ಕೈ ಹಾಕುವ ಮೊದಲು ಕೇಳಿದವರಿಗೆ ಕೆಲಸ ಹೆಚ್ಚಾಗಿ ಸಲೀಸು. ಕೈ ಹಾಕಿದ ಮೇಲೆ ಕೇಳಿದವರು ಕೆಲವೊಮ್ಮೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಕೆಳಗಿನ ವಿವರ ಮುಖ್ಯವಾಗಿ ಇಂಗ್ಲೆಂಡಿನದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿಗೆ ಅವರವರದೇ ವ್ಯವಸ್ಥೆ ಇದೆ.

ಮೊದಲು ಮನೆಯ ವಿಷಯ. ‘ಲಿಸ್ಟೆಡ್ ಬಿಲ್ಡಿಂಗ್’, ಅಂದರೆ ಸಂರಕ್ಷಿಸಬೇಕಾದ ಕಟ್ಟಡಗಳ ಸರ್ಕಾರಿ ಪಟ್ಟಿಗೆ ಸೇರಿದ್ದು, ಎಂಬ ಮಾತು ಎಸ್ಟೇಟ್ ಏಜೆಂಟರ ಬಾಯಲ್ಲಿ ಬಿರುದಿನ ಹಾಗೆ ಕೇಳುತ್ತದೆ. ಅಸಲಿಗೆ ಅದು ಜವಾಬ್ದಾರಿ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳುತ್ತಿದ್ದಾಗ ಯಾವ ಕಟ್ಟಡ ಉಳಿಸಬೇಕು, ಯಾವುದನ್ನು ಕೆಡವಿದರೂ ಚಿಂತೆಯಿಲ್ಲ ಎಂದು ಮಾಡಿಕೊಂಡ ಪಟ್ಟಿಗಳೇ ಇದರ ಮೂಲ. 1947ರ ಕಾಯ್ದೆ ಅದನ್ನು ಶಾಶ್ವತ ಮಾಡಿತು, ಈಗ ನಡೆಯುತ್ತಿರುವುದು 1990ರ ಕಾಯ್ದೆ. ಇಂಗ್ಲೆಂಡಿನ ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ. ಅತಿ ಮಹತ್ವದ ಗ್ರೇಡ್ ಒನ್ ಎಂಬುದು ನೂರಕ್ಕೆ ಎರಡೂವರೆ ಮಾತ್ರ, ಗ್ರೇಡ್ ಟೂ ಸ್ಟಾರ್ ಆರರ ಹತ್ತಿರ, ಉಳಿದ 92ರಷ್ಟು ಗ್ರೇಡ್ ಟೂ. ಸ್ಕಾಟ್ಲೆಂಡಿನಲ್ಲಿ ಇದೇ ಎ, ಬಿ, ಸಿ ಆಗುತ್ತದೆ. 1700ಕ್ಕೆ ಮೊದಲು ಕಟ್ಟಿ ಹೆಚ್ಚು ಕೆಡದೆ ಉಳಿದ ಮನೆಯಾದರೆ ಪಟ್ಟಿಯಲ್ಲಿದೆ ಎಂದೇ ಹಿಡಿಯಿರಿ. 1850ರವರೆಗಿನ ಬಹುಪಾಲು ಮನೆಗಳೂ ಹಾಗೇ. ಬೀಟಲ್ಸ್ ತಂಡದ ಆಲ್ಬಮ್ಮಿನ ಮುಖಪುಟದಿಂದ ಹೆಸರಾದ, ಲಂಡನ್ನಿನ ಆ್ಯಬಿ ರೋಡಿನ ಜೀಬ್ರಾ ಕ್ರಾಸಿಂಗ್ ಕೂಡ 2010ರಿಂದ ಗ್ರೇಡ್ ಟೂ. ರಸ್ತೆಗೆ ಬಳಿದ ಬಿಳಿ ಪಟ್ಟೆಯನ್ನೇ ಬಿಡದವರು ನಿಮ್ಮ ಮುಂಬಾಗಿಲನ್ನು ಬಿಡುತ್ತಾರೆಯೇ?

ನಮ್ಮವರು ಎಡವುವುದು ಇಲ್ಲೇ: ಗ್ರೇಡ್ ಟೂ ಅಂದರೆ ಮುಂದಿನ ಗೋಡೆಗೆ ಮಾತ್ರ ರಕ್ಷಣೆ, ಒಳಗೆ ಏನು ಬೇಕಾದರೂ ಮಾಡಿಕೊಳ್ಳಬಹುದು ಎಂಬ ನಂಬಿಕೆ. ಹಾಗಿಲ್ಲ. ಮೆಟ್ಟಿಲು, ಒಳಬಾಗಿಲು, ಚಾವಣಿಯ ಗಾರೆ ಕೆತ್ತನೆ, ಬೆಂಕಿಗೂಡು, ನೆಲದ ಹಲಗೆ ಎಲ್ಲವೂ ಅದರೊಳಗೆ ಬರುತ್ತವೆ. ಪಟ್ಟಿಯ ವಿವರಣೆಯಲ್ಲಿ ಬೆಂಕಿಗೂಡಿನ ಹೆಸರಿಲ್ಲ ಎಂದು ಅದನ್ನು ಕಿತ್ತು ಹಾಕುವಂತಿಲ್ಲ; ಆ ವಿವರಣೆ ಸಾಮಾನ್ಯವಾಗಿ ಬರೀ ಗುರುತಿಗೆ. ಮನೆಯಂಗಳದಲ್ಲಿ 1948ರ ಜುಲೈ 1ಕ್ಕೆ ಮೊದಲಿನಿಂದ ಇರುವ ಕೊಟ್ಟಿಗೆ, ಕಾಂಪೌಂಡು ಗೋಡೆಗೂ ಸಾಮಾನ್ಯವಾಗಿ ಅದೇ ನಿಯಮ ಅನ್ವಯಿಸುತ್ತದೆ.

ನಮ್ಮ ಪರಿಚಯದ ಒಂದು ಸಂಸಾರ ಸಣ್ಣ ಮಾರ್ಕೆಟ್ ಟೌನಿನಲ್ಲಿ ಇಂಥ ಮನೆ ಕೊಂಡಿತು. ಕಿಟಕಿಗಳೆಲ್ಲ ಹೊಳೆಯುವ ಬಿಳಿ ಪ್ಲಾಸ್ಟಿಕ್ಕಿನ ಡಬಲ್ ಗ್ಲೇಜಿಂಗ್. ಚಳಿಗೆ ಒಳ್ಳೆಯದಾಯಿತು ಎಂದುಕೊಂಡರು. ಹಿಂದಿನ ಮಾಲೀಕರು ಮೇಲೆ ಕೆಳಗೆ ಜಾರುವ ಮರದ ಕಿಟಕಿಗಳನ್ನು, ಅಲೆ ಅಲೆಯಾದ ಹಳೇ ಗಾಜಿನ ಸಮೇತ, ಯಾರನ್ನೂ ಕೇಳದೆ ಕಿತ್ತು ಬಿಸಾಕಿದ್ದರು. ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ, ಪತ್ರ ಬಂದದ್ದು ಹೊಸಬರ ಹೆಸರಿಗೆ: ಮರದ ಕಿಟಕಿ ಮತ್ತೆ ಮಾಡಿಸಿ. ಬೇಸಿಗೆಗೆ ದಾವಣಗೆರೆಯಿಂದ ಬಂದಿದ್ದ ಮಾವನವರು ಕೇಳಿದರಂತೆ, “ಅಲ್ರೀ, ದುಡ್ಡು ಕೊಟ್ಟೋರು ನೀವು, ಕಿಟಕಿ ಮಾತ್ರ ಸರ್ಕಾರದ್ದಾ?” ಕಾನೂನಿನ ಉತ್ತರ ಹೆಚ್ಚುಕಡಿಮೆ ಹೌದು ಎಂದೇ. ಅನುಮತಿ ಇಲ್ಲದ ಕೆಲಸ ಮಾಡಿದವರ ಮೇಲೆ ಕ್ರಿಮಿನಲ್ ಕೇಸು. ಗರಿಷ್ಠ 2 ವರ್ಷ ಜೈಲು, ದಂಡಕ್ಕೆ ಮಿತಿಯಿಲ್ಲ. ಪಟ್ಟಿಯಲ್ಲಿತ್ತು ಅಂತ ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ. ಆಮೇಲೆ ಕೊಂಡವರ ಮೇಲೆ ಆ ಕೇಸು ಬರುವುದಿಲ್ಲ, ಆದರೆ ಸರಿಪಡಿಸುವ ನೋಟಿಸು ಈಗಿನ ಮಾಲೀಕರ ತಲೆಗೇ ಬರುತ್ತದೆ. ಅದಕ್ಕೆ ಕಾಲಮಿತಿಯೂ ಇಲ್ಲ, ಇಪ್ಪತ್ತು ವರ್ಷದ ಹಿಂದಿನ ತಪ್ಪೂ ಜೀವಂತ. ಆದ್ದರಿಂದ ಮನೆ ಕೊಳ್ಳುವಾಗ ಸಾಲಿಸಿಟರ್‌ಗೆ (ಕಾಗದಪತ್ರ ನೋಡುವ ವಕೀಲರಿಗೆ) ಎರಡು ಪ್ರಶ್ನೆ ಕೇಳಿ: ಪಟ್ಟಿಯಲ್ಲಿದೆಯೇ, ಇದ್ದರೆ ಈಗ ಕಾಣುವ ಪ್ರತಿ ಬದಲಾವಣೆಗೂ ಅನುಮತಿ ಪತ್ರ ಇದೆಯೇ. ಮೊದಲನೆಯದನ್ನು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಪಟ್ಟಿಯಲ್ಲಿ ನೀವೇ ಪುಕ್ಕಟೆ ಹುಡುಕಬಹುದು. ಎರಡನೆಯದಕ್ಕೆ ಹಳೇ ಮನೆ ಬಲ್ಲ ಸರ್ವೇಯರ್ ಬೇಕು.

ಅನುಮತಿಯ ಹೆಸರು ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್. ಇಂಗ್ಲೆಂಡಿನಲ್ಲಿ ಅರ್ಜಿಗೆ ಶುಲ್ಕವಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಖರ್ಚು ಬರುವುದು ನಕ್ಷೆ ಬರೆಸಲು, ‘ಹೆರಿಟೇಜ್ ಸ್ಟೇಟ್‌ಮೆಂಟ್’ (ಕಟ್ಟಡದ ಮಹತ್ವವೇನು, ಕೆಲಸದಿಂದ ಅದಕ್ಕೆ ಏನಾಗುತ್ತದೆ ಎಂಬ ವರದಿ) ಬರೆಸಲು. ಸಾಮಾನ್ಯವಾಗಿ 8 ವಾರದಲ್ಲಿ ತೀರ್ಮಾನ ಹೇಳಬೇಕು, ತಡವಾಗುವುದೂ ಉಂಟು. ತಿರಸ್ಕರಿಸಿದರೆ 6 ತಿಂಗಳೊಳಗೆ ಮೇಲ್ಮನವಿ. ಕೌನ್ಸಿಲ್ಲಿನ ಕನ್ಸರ್ವೇಶನ್ ಆಫೀಸರ್ ಅಂದರೆ ಬೇಡ ಅನ್ನಲಿಕ್ಕೇ ಕೂತವರು ಎಂಬ ಭಾವನೆ ಇದೆ. ನನ್ನ ಅನುಭವ ಹಾಗಿಲ್ಲ. ಮೊದಲೇ ಹೋಗಿ ಮಾತಾಡಿದರೆ ದಾರಿ ತೋರಿಸುತ್ತಾರೆ.

ನಮ್ಮ ಅಡುಗೆಮನೆಯನ್ನೇ ತೆಗೆದುಕೊಳ್ಳಿ. ಒಗ್ಗರಣೆ ಘಾಟು, ಮೆಣಸಿನಕಾಯಿ ಹುರಿದ ಹೊಗೆ ಹೊರಗೆ ಹೋಗಲು ಎಕ್ಸಾಸ್ಟ್ ಬೇಕೇ ಬೇಕು. ಹಳೇ ಕಲ್ಲುಗೋಡೆಗೆ ತೂತು ಕೊರೆಯಲು ಅನುಮತಿ ಬೇಕು. ಬಳಕೆಯಲ್ಲಿಲ್ಲದ ಚಿಮಣಿ ಪಕ್ಕದಲ್ಲೇ ಇದ್ದರೆ ಪೈಪನ್ನು ಅದರೊಳಗಿಂದ ಮೇಲಕ್ಕೆ ಒಯ್ಯಬಹುದೇ ಎಂದು ಕೇಳಿ ನೋಡಿ. ಗೋಡೆಗೆ ಕೈ ಹಚ್ಚದ ಉಪಾಯ ಸುಲಭವಾಗಿ ಒಪ್ಪಿಗೆಯಾಗುತ್ತದೆ. ದೇವರ ಮನೆಯದೂ ಅದೇ ಕಥೆ. ಬೆಂಕಿಗೂಡು ಒಡೆದು ಮಂಟಪ ಕೂರಿಸುವ ಬದಲು, ಗೂಡಿನೊಳಗೇ ಮರದ ಮಂಟಪ ಇಟ್ಟರೆ ಯಾರ ಅನುಮತಿಯೂ ಬೇಡ, ನೋಡಲಿಕ್ಕೂ ಗೂಡು ದೇವರಿಗೇ ಕಟ್ಟಿದ ಹಾಗಿರುತ್ತದೆ. ಸಣ್ಣ ರಿಪೇರಿ, ಅಂದರೆ ಅದೇ ಮರ, ಅದೇ ಅಳತೆ, ಅದೇ ರೀತಿ ಮಾಡಿದ್ದಕ್ಕೆ ಸಾಮಾನ್ಯವಾಗಿ ಕೇಳಬೇಕಾಗಿಲ್ಲ. ಗೋಡೆ ಸಂದಿಗೆ ಸಿಮೆಂಟ್ ಮೆತ್ತಿಸಬೇಡಿ. ಈ ಗೋಡೆಗಳು ಸುಣ್ಣದ ಗಾರೆಯವು, ನಮ್ಮ ತೊಟ್ಟಿ ಮನೆಗಳ ಹಾಗೆ ತೇವವನ್ನು ಒಳಗೆ ತಗೊಂಡು ಹೊರಗೆ ಬಿಡುತ್ತವೆ. ಸಿಮೆಂಟ್ ಬಾಯಿ ಮುಚ್ಚಿದರೆ ನೀರು ಒಳಗೇ ನಿಂತು ಇಟ್ಟಿಗೆ ಉದುರುತ್ತದೆ. ‘ಬಿಲ್ಡರ್ ಕಡಿಮೆಗೆ ಮಾಡಿಕೊಡ್ತಾನೆ’ ಅಂತ ಕೊಟ್ಟರೆ ದುಡ್ಡೂ ಹೋಯಿತು, ಗೋಡೆಯೂ ಹೋಯಿತು.

ಸಂಘದವರು ಹಳೇ ಚರ್ಚು ಕೊಂಡು ದೇವಸ್ಥಾನವೋ ಸಮುದಾಯ ಭವನವೋ ಮಾಡುವ ಯೋಚನೆಯಲ್ಲಿದ್ದರೆ ಇದನ್ನು ಓದಿ ಮುಂದುವರಿಯಿರಿ. ಚರ್ಚ್ ಆಫ್ ಇಂಗ್ಲೆಂಡ್, ಕ್ಯಾಥೊಲಿಕ್, ಮೆಥಡಿಸ್ಟ್ ಮುಂತಾದ ಕೆಲವು ಪಂಗಡಗಳಿಗೆ ತಮ್ಮ ಲಿಸ್ಟೆಡ್ ಚರ್ಚುಗಳಲ್ಲಿ ಈ ಅನುಮತಿಯಿಂದ ವಿನಾಯಿತಿ ಇದೆ, ಅವರದೇ ಒಳ ವ್ಯವಸ್ಥೆ ನೋಡಿಕೊಳ್ಳುತ್ತದೆ. ಕಟ್ಟಡ ನಮ್ಮ ಕೈಗೆ ಬಂದ ದಿನ ಆ ವಿನಾಯಿತಿ ಮುಗಿಯಿತು. ಸಾಲುಬೆಂಚು ತೆಗೆಯುವುದು, ಬಣ್ಣದ ಗಾಜು ಬದಲಿಸುವುದು, ಗರ್ಭಗುಡಿಗೆ ನೆಲ ಅಗೆಯುವುದು, ಎಲ್ಲಕ್ಕೂ ಅರ್ಜಿ. ಚಂದಾ ಎತ್ತುವ ಮೊದಲೇ ಆರ್ಕಿಟೆಕ್ಟನ್ನು ಕೇಳುವುದು ಒಳ್ಳೆಯದು.

ಮನೆ ಪಟ್ಟಿಯಲ್ಲಿ ಇಲ್ಲದಿದ್ದರೂ ಬೀದಿ ‘ಕನ್ಸರ್ವೇಶನ್ ಏರಿಯಾ’, ಅಂದರೆ ಒಟ್ಟು ಚಹರೆಯನ್ನೇ ಕಾಪಾಡಬೇಕಾದ ಪ್ರದೇಶ, ಆಗಿರಬಹುದು. 1967ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಈಗ ಇಂಗ್ಲೆಂಡಿನಲ್ಲಿ ಸುಮಾರು 10,000 ಪ್ರದೇಶಗಳಿವೆ. ಅಲ್ಲಿ ಒಳಗಿನ ಗೋಡೆಯ ಚಿಂತೆ ಇಲ್ಲ, ಮರದ ಚಿಂತೆ ಇದೆ: ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ದಪ್ಪ 7.5 ಸೆಂಟಿಮೀಟರ್ ದಾಟಿದ್ದರೆ, ಕಡಿಯುವ ಅಥವಾ ಸವರುವ 6 ವಾರ ಮೊದಲು ಕೌನ್ಸಿಲ್ಲಿಗೆ ತಿಳಿಸಬೇಕು.

ಇನ್ನು ನಿಧಿ. ಊರಲ್ಲಿ ನಿಧಿಗಳ್ಳರೆಂದರೆ ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ ಇಟ್ಟು ಪಾಳು ಗುಡಿಯ ಲಿಂಗ ಕಿತ್ತು ಅಗೆಯುವವರು. ಇಲ್ಲಿ ಅದು ಭಾನುವಾರದ ಹವ್ಯಾಸ. ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುತ್ತಾರೆ, ಮಕ್ಕಳಿಗೆ ಹುಟ್ಟುಹಬ್ಬಕ್ಕೂ ಕೊಡುತ್ತಾರೆ. ಜಮೀನಿನ ಯಜಮಾನ ಒಪ್ಪಿರಬೇಕು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ. ಥೇಮ್ಸ್ ದಡದ ಕೆಸರಲ್ಲಿ ಹುಡುಕಲು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕು. 1996ರ ಟ್ರೆಷರ್ ಕಾಯ್ದೆಯ ಪ್ರಕಾರ 300 ವರ್ಷಕ್ಕಿಂತ ಹಳೆಯದಾದ, ಕನಿಷ್ಠ ನೂರಕ್ಕೆ ಹತ್ತು ಪಾಲು ಚಿನ್ನ ಅಥವಾ ಬೆಳ್ಳಿಯ ವಸ್ತು ಸಿಕ್ಕರೆ 14 ದಿನದೊಳಗೆ ಕರೋನರ್‌ಗೆ (ನಿಧಿಯ ವಿಚಾರಣೆಯನ್ನೂ ನಡೆಸುವ ಸ್ಥಳೀಯ ಅಧಿಕಾರಿಗೆ) ವರದಿ ಮಾಡಬೇಕು. ನಾಣ್ಯ ಒಂದೇ ಆದರೆ ಇದಕ್ಕೆ ಸೇರದು, ಎರಡಾದರೆ ಸೇರುತ್ತದೆ. 2023ರಿಂದ 200 ವರ್ಷ ಮೀರಿದ, ವಿಶೇಷ ಮಹತ್ವದ ಲೋಹದ ವಸ್ತುಗಳೂ ಸೇರಿವೆ. ಮ್ಯೂಸಿಯಂ ಕೊಂಡರೆ ಸಿಕ್ಕವರಿಗೂ ಜಮೀನಿನವರಿಗೂ ಸಾಮಾನ್ಯವಾಗಿ ಅರ್ಧರ್ಧ ಬಹುಮಾನ ಸಿಗುತ್ತದೆ. ಬಚ್ಚಿಟ್ಟುಕೊಂಡರೆ? 2015ರಲ್ಲಿ ಹೆರಿಫರ್ಡ್‌ಶೈರ್‌ನಲ್ಲಿ ವೈಕಿಂಗ್ ಕಾಲದ ನಿಧಿ ಸಿಕ್ಕಿದ ಇಬ್ಬರು ಕದ್ದುಮುಚ್ಚಿ ಮಾರಿದರು. 2019ರಲ್ಲಿ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಇಳಿದರೂ, ನ್ಯಾಯವಾಗಿ ಒಪ್ಪಿಸಿದ್ದರೆ ಬರುತ್ತಿದ್ದ ಲಕ್ಷಾಂತರ ಪೌಂಡು ಹೋಯಿತು. ಸ್ಕಾಟ್ಲೆಂಡಿನಲ್ಲಿ ನಿಯಮ ಇನ್ನೂ ಬಿಗಿ: ಚಿನ್ನವಿರಲಿ ಬಿಡಲಿ, ನೆಲದಲ್ಲಿ ಸಿಕ್ಕ ಹಳೇ ವಸ್ತು ರಾಜಸತ್ತೆಗೇ ಸೇರಿದ್ದು.

ಊರಿಂದ ತರುವ ವಸ್ತುಗಳಿಗೆ ಭಾರತದ ಕಾನೂನೇ ಮೊದಲ ಬಾಗಿಲು. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಿಗ್ರಹ, ಚಿತ್ರ, ಕೆತ್ತನೆಯನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮಹತ್ವದ ಹಸ್ತಪ್ರತಿಯಾದರೆ 75 ವರ್ಷ ಸಾಕು, ಅಟ್ಟದ ಮೇಲಿನ ತಾಳೆಗರಿ ಕಟ್ಟು ಇದರಲ್ಲಿ ಬರಬಹುದು. ‘ನಮ್ಮ ಮನೆಯದೇ, ಪೂಜೆಗೇ’ ಎಂಬ ಮಾತು ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಮುಂದೆ ಉಪಯೋಗಕ್ಕೆ ಬಾರದು. ಅಪರಾಧ ಸಾಬೀತಾದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು. ಹಳೆಯದಾಗಿ ಕಂಡರೂ ನಿಜಕ್ಕೂ ಹೊಸದಾದ ಹಿತ್ತಾಳೆ ಗಣಪನಿಗೆ, ಇದು ಪುರಾತನವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಹೊರಡುವ ಮುಂಚೆಯೇ ಪಡೆಯಿರಿ.

ಬ್ರಿಟನ್ನಿನಿಂದ ಹೊರಗೆ ಹೋಗುವ ವಸ್ತುವಿಗೂ ತಡೆ ಇದೆ. 50 ವರ್ಷ ದಾಟಿದ, ನಿಗದಿತ ಬೆಲೆ ಮೀರಿದ ವಸ್ತುವಿಗೆ ರಫ್ತು ಪರವಾನಗಿ ಬೇಕು. ಊರಿಗೆ ವಾಪಸ್ ಹೋಗುವಾಗ ಒಯ್ಯುವ ಸಾಮಾನ್ಯ ಗಡಿಯಾರ, ಕುರ್ಚಿಗೆ ಚಿಂತೆಯಿಲ್ಲ. ಇಲ್ಲಿನ ನೆಲದಲ್ಲಿ ಸಿಕ್ಕಿದ ಪುರಾತನ ವಸ್ತುವಾದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಕೇಳಲೇಬೇಕು. ಬಹಳ ಮಹತ್ವದ ವಸ್ತುವಾದರೆ 1952ರ ವೇವರ್ಲಿ ಸಮಿತಿ ಹಾಕಿಕೊಟ್ಟ ಮೂರು ಪ್ರಶ್ನೆಗಳಿವೆ: ಈ ನಾಡಿನ ಚರಿತ್ರೆಗೆ ಅಂಟಿಕೊಂಡಿದೆಯೇ, ಸೌಂದರ್ಯ ಅಸಾಧಾರಣವೇ, ಅಧ್ಯಯನಕ್ಕೆ ಅಮೂಲ್ಯವೇ. ಒಂದಕ್ಕೆ ಹೌದು ಎಂದರೂ ಪರವಾನಗಿಯನ್ನು ಕೆಲವು ತಿಂಗಳು ತಡೆಹಿಡಿದು, ಅಷ್ಟೇ ಬೆಲೆ ಕೊಡುವ ಬ್ರಿಟಿಷ್ ಮ್ಯೂಸಿಯಂ ಅಥವಾ ಕೊಳ್ಳುಗರಿಗೆ ಅವಕಾಶ ಕೊಡುತ್ತಾರೆ. ಈ ತಡೆ ಬಿದ್ದ ವಸ್ತುಗಳಲ್ಲಿ 2021ರಲ್ಲಿ ಟಿಪ್ಪುವಿನ ಸಿಂಹಾಸನದ ರತ್ನಖಚಿತ ಚಿನ್ನದ ಹುಲಿತಲೆ ಒಂದಿತ್ತು, ಬೆಲೆ 15 ಲಕ್ಷ ಪೌಂಡು. 2023ರಲ್ಲಿ ಟಿಪ್ಪುವಿನ ಬೇಟೆ ಬಂದೂಕು, 20 ಲಕ್ಷ ಪೌಂಡು. ಶ್ರೀರಂಗಪಟ್ಟಣ 1799ರಲ್ಲಿ ಲೂಟಿಯಾದಾಗ ಒಡೆದ ಸಿಂಹಾಸನದ ತುಂಡು ‘ಬ್ರಿಟನ್ನು ಬಿಟ್ಟು ಹೋಗುವ ಅಪಾಯದಲ್ಲಿದೆ’ ಎಂಬ ಸರ್ಕಾರಿ ಪ್ರಕಟಣೆ ಓದಿದರೆ ಮಂಡ್ಯದವರಿಗೆ ನಗು ಬರಬೇಕೋ ಸಿಟ್ಟು ಬರಬೇಕೋ ನನಗೆ ತಿಳಿಯದು. ಕಾನೂನು ಕೇಳುವ ಮೂರು ಪ್ರಶ್ನೆಗಳಲ್ಲಿ, ವಸ್ತು ಇಲ್ಲಿಗೆ ಹೇಗೆ ಬಂತು ಎಂಬುದು ಇಲ್ಲ.

ಕದ್ದು ತಂದ ವಸ್ತುವಿನ ವಿಷಯದಲ್ಲಿ ಮಾತ್ರ ಇಲ್ಲಿನ ಕಾನೂನು ಈಚೆಗೆ ಗಟ್ಟಿಯಾಗಿದೆ. ಯಾವ ದೇಶದ್ದೇ ಆಗಲಿ, ಗುಡಿಯಂಥ ಐತಿಹಾಸಿಕ ಕಟ್ಟಡದಿಂದ ಅಥವಾ ಉತ್ಖನನದಿಂದ ಅಕ್ರಮವಾಗಿ ಕಿತ್ತದ್ದೆಂದು ತಿಳಿದೂ ವ್ಯವಹರಿಸಿದರೆ, 2003ರ ಕಾಯ್ದೆಯಡಿ 7 ವರ್ಷದವರೆಗೆ ಜೈಲು. ಆ ಕಾಯ್ದೆ ಜಾರಿಯಾದ ಮೇಲೆ ಕಿತ್ತದ್ದಕ್ಕೆ ಮಾತ್ರ ಇದು ಅನ್ವಯ. ಅದಕ್ಕೂ ಹಳೆಯ ಕಳವಿಗೆ ಬೇರೆ ದಾರಿಗಳಿವೆ. ತಮಿಳುನಾಡಿನ ಪತ್ತೂರಿನ ನಟರಾಜನ ಮೊಕದ್ದಮೆಯಲ್ಲಿ ಪಾಳುಬಿದ್ದ ದೇವಸ್ಥಾನವೇ ಕಕ್ಷಿದಾರನಾಗಿ ನಿಲ್ಲಬಹುದೆಂದು ಲಂಡನ್ನಿನ ನ್ಯಾಯಾಲಯ ಒಪ್ಪಿತು, 1991ರಲ್ಲಿ ವಿಗ್ರಹ ಊರು ಸೇರಿತು. 1978ರಲ್ಲಿ ಆನಂದಮಂಗಲದಿಂದ ಕಳುವಾಗಿದ್ದ ವಿಜಯನಗರ ಕಾಲದ ರಾಮ, ಲಕ್ಷ್ಮಣ, ಸೀತೆಯರನ್ನು 2020ರಲ್ಲಿ ಹೊಂದಿದ್ದವರೇ ಬಿಟ್ಟುಕೊಟ್ಟರು. ಉತ್ತರ ಪ್ರದೇಶದ ಲೋಖರಿಯ ಆಡುಮುಖದ ಯೋಗಿನಿ ಇಂಗ್ಲೆಂಡಿನ ಒಂದು ಮನೆಯ ತೋಟದಲ್ಲಿ ಪತ್ತೆಯಾಗಿ, 2022ರ ಸಂಕ್ರಾಂತಿಯಂದು ಲಂಡನ್ನಿನ ಭಾರತೀಯ ಹೈಕಮಿಷನ್ ಕೈ ಸೇರಿತು.

ಹಾಗಾಗಿ ಹರಾಜಿನ ಕ್ಯಾಟಲಾಗಿನಲ್ಲಿ ಹೊಯ್ಸಳ ಶೈಲಿಯ ಮದನಿಕೆಯೋ ವೀರಗಲ್ಲೋ ಕಂಡರೆ ಎರಡು ಸಾಲು ಕೆಳಗೆ ಓದಿ. ಹಿಂದೆ ಯಾರ ಬಳಿ ಇತ್ತು, ಭಾರತದಿಂದ ಯಾವ ವರ್ಷ ಹೊರಬಿತ್ತು ಎಂದು ಬರೆದಿರಬೇಕು. ‘ಖಾಸಗಿ ಸಂಗ್ರಹ, ಯುರೋಪ್’ ಎಂದಷ್ಟೇ ಇದ್ದರೆ ಕೊಳ್ಳಬೇಡಿ. ಅನುಮಾನ ಬಂದರೆ ಲಾಟ್ ನಂಬರು, ಫೋಟೊ, ಹರಾಜಿನ ದಿನಾಂಕವನ್ನು ಹೈಕಮಿಷನ್ನಿಗೂ ಲಂಡನ್ ಮೆಟ್ರೊಪಾಲಿಟನ್ ಪೊಲೀಸರ ಕಲಾ ವಿಭಾಗಕ್ಕೂ ಕಳಿಸಿ. ಆ ಊರಿನ ಹಳೇ ಫೋಟೊದಲ್ಲಿ ಅದೇ ಶಿಲ್ಪ ಇದ್ದರೆ ಅದನ್ನೂ ಜೊತೆಗೆ ಹಚ್ಚಿ. ಸುತ್ತಿಗೆ ಬೀಳುವ ಮೊದಲೇ ಕಳಿಸಿ. ಮಾರಾಟವಾದ ಮೇಲೆ ವಸ್ತು ಯಾರ ಮನೆ ಸೇರಿತು ಎಂದು ಹರಾಜಿನವರು ಹೇಳುವುದು ಕಷ್ಟ.