ಹೆಸರು ಆಮೇಲೆ ಕೇಳಿ, ಮೊದಲು ಯಾವ ಎಲೆ ಅಂತ ಕೇಳಿ: ನಮ್ಮೂರಿನ ಪತಂಗದ ರಾತ್ರಿಗಳು

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಹುಳು ಗೊತ್ತಿಲ್ಲದ ಮಕ್ಕಳೇ ಇಲ್ಲ. ಸೊಪ್ಪು ಕೊಯ್ದು ತರುತ್ತಾರೆ, ಹುಳು ಎಷ್ಟನೇ ಜ್ವರದಲ್ಲಿದೆ (ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ) ಅಂತ ನೋಡಿದ ಕೂಡಲೇ ಹೇಳುತ್ತಾರೆ, ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಬಿಡುತ್ತಾರೆ. ಆದರೆ ಅದರ ಪತಂಗವನ್ನು ನೋಡಿದವರು ಕಮ್ಮಿ. ಅದು ಹೊರಗೆ ಬರುವ ಮೊದಲೇ ಗೂಡು ಮಾರ್ಕೆಟ್‌ಗೆ ಹೋಗಿ, ಅಲ್ಲಿಂದ ನೂಲು ತೆಗೆಯುವ ರೀಲರ್ ಮನೆಯ ಬಿಸಿನೀರಿಗೆ ಬಿದ್ದಿರುತ್ತದೆ. ತೂತಾದ ಗೂಡಿನಿಂದ ಉದ್ದ ಎಳೆ ಬಿಚ್ಚಲು ಆಗುವುದಿಲ್ಲ, ಅದಕ್ಕೆ.

ನಾನು ಈ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಊರವರನ್ನು ಸೇರಿಸಿಕೊಂಡು ರಾತ್ರಿ ಪತಂಗ ನೋಡುವುದನ್ನು ಶುರುಮಾಡಿದ್ದು ಆ ಗೂಡಿನಿಂದಲೇ. ಒಬ್ಬ ಹುಡುಗನ ಮನೆಯಿಂದ ಒಂದು ಹಿಡಿ ಗೂಡು ತರಿಸಿ ರಟ್ಟಿನ ಡಬ್ಬದಲ್ಲಿಟ್ಟೆವು. ಹತ್ತು ಹನ್ನೆರಡು ದಿನದಲ್ಲಿ ಬಿಳಿ ಪತಂಗಗಳು ಹೊರಬಂದವು. ರೆಕ್ಕೆ ಇದೆ, ಹಾರಲು ಆಗುವುದಿಲ್ಲ. ಏನನ್ನೂ ತಿನ್ನುವುದಿಲ್ಲ. ಗಂಡು ಸುಮ್ನೆ ರೆಕ್ಕೆ ಬಡಿಯುತ್ತಾ ಹೆಣ್ಣನ್ನು ಹುಡುಕುತ್ತದೆ, ಹೆಣ್ಣು ನಾನೂರು ಐನೂರು ಮೊಟ್ಟೆ ಇಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. "ಬೇರೆ ಪತಂಗಾನೂ ಹಿಂಗೇನಾ ಸಾರ್?" ಅಂತ ಮಕ್ಕಳು ಕೇಳಿದರು. ನಮ್ಮ ದೇಶದಲ್ಲಿ ಚಿಟ್ಟೆಗಳು 1,300ಕ್ಕೂ ಹೆಚ್ಚು ಬಗೆ, ಪತಂಗಗಳು 10,000ಕ್ಕೂ ಹೆಚ್ಚು. ಅಷ್ಟೊಂದು ಇದ್ದ ಮೇಲೆ ಪುಸ್ತಕದಲ್ಲಿ ಯಾಕೆ ಹುಡುಕಬೇಕು, ರಾತ್ರಿ ಹೊರಗೆ ಹೋಗಿ ನೋಡಿದರಾಯಿತು ಅಲ್ವಾ?

ಬೇಕಾಗುವ ಸಾಮಾನು ಬಹಳ ಇಲ್ಲ. ಒಂದು ಬಿಳಿ ಪಂಚೆ, ಎರಡು ಗಳ, ಹಗ್ಗ, ಒಂದು ಬಲ್ಬು. 160 ವ್ಯಾಟ್‌ನ ಮರ್ಕ್ಯುರಿ ಬಲ್ಬಿಗೆ ಪತಂಗ ಚೆನ್ನಾಗಿ ಬರುತ್ತದೆ, ಆದರೆ ಅದು ಬಹಳ ಕಾಯುತ್ತದೆ, ಮಳೆಹನಿ ಬಿದ್ದರೆ ಒಡೆಯುತ್ತದೆ, ಹಾಗಾಗಿ ಸೂರಿನ ಕೆಳಗೇ ಕಟ್ಟಬೇಕು. ಈಗ ನಾವು ಪವರ್ ಬ್ಯಾಂಕ್‌ನಿಂದ ಉರಿಯುವ ಯುವಿ ಎಲ್‌ಇಡಿ ಪಟ್ಟಿ ಹಾಕುತ್ತೇವೆ, ಕರೆಂಟ್ ಹೋದರೂ ಚಿಂತೆಯಿಲ್ಲ. ಅದನ್ನು ನೆಟ್ಟಗೆ ದಿಟ್ಟಿಸಬಾರದು ಅಂತ ಮಕ್ಕಳಿಗೆ ಮೊದಲೇ ಹೇಳುತ್ತೇವೆ. ಹಾವಿನ ಭಯ ಇರುವುದರಿಂದ ಬರುವವರೆಲ್ಲ ಶೂ ಹಾಕಿ ಟಾರ್ಚ್ ಹಿಡಿದಿರಬೇಕು. ಅಮಾವಾಸ್ಯೆಯ ಆಸುಪಾಸು, ಮೋಡ ಕವಿದು ಗಾಳಿ ಇಲ್ಲದ ರಾತ್ರಿ ಸಿಕ್ಕರೆ ಬಿಡಬೇಡಿ. ಹುಣ್ಣಿಮೆ ಬೆಳಕಿನಲ್ಲಿ ಬರುವುದು ಕಮ್ಮಿ.

ದೀಪದ ಸುತ್ತ ಅವು ಯಾಕೆ ಗಿರಕಿ ಹೊಡೆಯುತ್ತವೆ ಅಂತ ಎಲ್ಲರೂ ಕೇಳುತ್ತಾರೆ. 2024ರಲ್ಲಿ ಬಂದ ಒಂದು ಸಂಶೋಧನೆ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದೆ. ರಾತ್ರಿ ಆಕಾಶ ನೆಲಕ್ಕಿಂತ ಬೆಳ್ಳಗಿರುತ್ತದೆ, ಹಾರುವ ಹುಳು ಬೆಳಕಿನ ಕಡೆಗೆ ಬೆನ್ನು ಮಾಡಿ ಮೇಲೆ ಯಾವುದು ಕೆಳಗೆ ಯಾವುದು ಅಂತ ತಿಳಿದುಕೊಳ್ಳುತ್ತದೆ. ಪಕ್ಕದಲ್ಲೇ ಬಲ್ಬು ಉರಿದರೆ ಅದಕ್ಕೇ ಬೆನ್ನು ತಿರುಗಿಸುತ್ತದೆ, ದಾರಿ ಬಾಗುತ್ತದೆ, ಸುತ್ತುತ್ತಲೇ ಉಳಿಯುತ್ತದೆ.

ಇನ್ನು ಜನ. ಪತಂಗದ ಹೆಸರು ಹೇಳುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಮನೆಗೆ ಹೊರಡುತ್ತಾರೆ. ಹೆಚ್ಚಿನವಕ್ಕೆ ಕನ್ನಡದಲ್ಲಿ ಹೆಸರಿಲ್ಲ, ಲ್ಯಾಟಿನ್ ಹೆಸರು ಯಾರಿಗೂ ನೆನಪಿರುವುದಿಲ್ಲ. ಅದರ ಬದಲು "ಇದರ ಹುಳ ಯಾವ ಎಲೆ ತಿಂದು ಬೆಳೆದಿರಬಹುದು?" ಅಂತ ಕೇಳಿದರೆ ಪಂಚೆಯ ಮುಂದೆ ಮಾತು ನಿಲ್ಲುವುದೇ ಇಲ್ಲ. ಎಲೆ ವಿಷಯದಲ್ಲಿ ನಮ್ಮ ರೈತರಿಗೆ ನನಗಿಂತ ಜಾಸ್ತಿ ಗೊತ್ತು. ಮಿಲಿಟರಿ ಬಟ್ಟೆಯಂಥ ಹಸಿರು ಬಣ್ಣದ ದೊಡ್ಡ ಪತಂಗವೊಂದು ಬಂದು ಕೂತಾಗ, ಇದರ ಹುಳ ಕಣಗಿಲೆ, ನಂದಿಬಟ್ಟಲು ತಿನ್ನುತ್ತದೆ ಅಂದೆ. ಎದುರು ಮನೆಯ ಹೆಂಗಸು ತಕ್ಷಣ, "ಅಯ್ಯೋ, ನಮ್ಮ ನಂದಿಬಟ್ಟಲನ್ನ ಬೋಳು ಮಾಡಿದ್ದು ಇದೇನಾ!" ಅಂದರು. ಮಾರನೇ ದಿನ ಮಕ್ಕಳು ಅವರ ಹಿತ್ತಲಿಗೆ ಹೋಗಿ ಹುಳವನ್ನೂ ಹುಡುಕಿದರು.

ಬೆನ್ನ ಮೇಲೆ ತಲೆಬುರುಡೆಯಂತೆ ಗುರುತಿರುವ ಪತಂಗ ಬಂದಾಗ ಕೆಲವರು ಹಿಂದೆ ಸರಿದರು, ಅಪಶಕುನ ಅಂದರು. ಮುಟ್ಟಿದರೆ ಕೀಚಲು ದನಿ ಬೇರೆ ಮಾಡುತ್ತದೆ. ಇದು ಜೇನುಗೂಡಿಗೆ ನುಗ್ಗಿ ತುಪ್ಪ ಕುಡಿಯುತ್ತದೆ, ಹುಳ ಎಳ್ಳಿನ ಗಿಡದಲ್ಲೂ ಬೆಳೆಯುತ್ತದೆ ಅಂತ ವಿವರಿಸಿದೆ. ಒಬ್ಬ ಅಜ್ಜಿ ಮುಂದೆ ಬಂದು, "ಮೇಷ್ಟ್ರೇ, ಎಳ್ಳಿನ ಹೊಲದಲ್ಲಿ ಬಾಲದ ಮೇಲೆ ಕೊಂಬಿರೋ ದಪ್ಪ ಹುಳ ಇರ್ತಿತ್ತಲ್ಲಪ್ಪ, ಅದರದ್ದಾ ಇದು?" ಅಂದರು. ಅದರದ್ದೇ. ಆ ಹುಳವನ್ನು ಚಿಕ್ಕಂದಿನಿಂದ ಬಲ್ಲವರು ಅದರ ಪತಂಗವನ್ನು ಅವತ್ತು ಮೊದಲ ಸಲ ನೋಡಿದರು. ಆಮೇಲೆ ಅಪಶಕುನದ ಮಾತು ಯಾರೂ ಎತ್ತಲಿಲ್ಲ.

ರೈತರು ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಇದು ಒಳ್ಳೇದಾ, ಕೆಟ್ಟದ್ದಾ? ಇದನ್ನು ತೇಲಿಸಿ ಬಿಡಬಾರದು. ಹಿಪ್ಪುನೇರಳೆ ಕುಡಿಯನ್ನು ಸುತ್ತಿ ತಿನ್ನುವ ಹುಳದ ಪತಂಗ, ಟೊಮೊಟೊ ಕಾಯಿ ಕೊರೆಯುವುದರ ಪತಂಗ ನಮ್ಮ ಪಂಚೆಗೂ ಬರುತ್ತವೆ. ಅವು ನಷ್ಟ ಮಾಡುವುದು ನಿಜ, ಹಾಗೇ ಹೇಳುತ್ತೇನೆ. ದಾಳಿಂಬೆ ತೋಟದವರು ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ಪತಂಗವನ್ನು ನನಗೇ ತೋರಿಸಿದರು. ಹಿಂದಿನ ರೆಕ್ಕೆ ಕಿತ್ತಳೆ ಬಣ್ಣ, ಎಷ್ಟು ಚೆಂದ! ಅದರ ಹುಳ ಬೆಳೆಯುವುದು ಬೇಲಿಯ ಅಮೃತಬಳ್ಳಿಯಲ್ಲಿ. ಆದರೆ ಪಂಚೆ ಮೇಲೆ ಕೂರುವ ಹೆಚ್ಚಿನವು ಯಾರ ಬೆಳೆಗೂ ಬಾಯಿ ಹಾಕುವುದಿಲ್ಲ. ಪಪ್ಪಾಯಿ ಹೂವಿಗೆ ಸಂಜೆಗತ್ತಲಲ್ಲಿ ಬಂದು ಪರಾಗ ಸಾಗಿಸುವುದು ಪತಂಗಗಳೇ. ಮರಿಗಳಿಗೆ ಹಕ್ಕಿಗಳು ಗೂಡಿಗೆ ಒಯ್ಯುವ ಹುಳಗಳಲ್ಲಿ ಬಹಳಷ್ಟು ಇವುಗಳದ್ದೇ. ದೀಪ ಹಾಕಿ ಹುಳ ಕರೆಸುತ್ತೀರಿ ಅನ್ನುವ ಅನುಮಾನ ಯಾರಿಗೂ ಬರಬಾರದು ಅಂತ ರೇಷ್ಮೆ ಹುಳು ಸಾಕುವ ಮನೆಯಿಂದ ದೂರ, ತೋಟದವರನ್ನು ಕೇಳಿಯೇ ಪಂಚೆ ಕಟ್ಟುತ್ತೇವೆ.

ರೆಕ್ಕೆ ಹಿಡಿಯುವುದಿಲ್ಲ, ಅದರ ಪುಡಿ ಉದುರುತ್ತದೆ. ಕೊಲ್ಲುವುದಂತೂ ಇಲ್ಲ. ಫೋಟೋ ತೆಗೆದು ದಿನ, ತಿಥಿ, ಮಳೆ, ಹತ್ತಿರದ ಗಿಡ ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಮಕ್ಕಳೇ ಬರೆಯುತ್ತಾರೆ. ಹನ್ನೊಂದರ ಹೊತ್ತಿಗೆ ದೀಪ ಆರಿಸಿ ಪಂಚೆಯನ್ನು ಮೆಲ್ಲಗೆ ಕೊಡವುತ್ತೇವೆ. ಬೆಳಗಿನವರೆಗೆ ಬಿಟ್ಟರೆ ಕಾಜಾಣ, ಗೊರವಂಕಗಳು ಒಂದನ್ನೂ ಉಳಿಸುವುದಿಲ್ಲ. 2012ರಿಂದ ಪ್ರತಿ ಜುಲೈ ಕೊನೆಯ ಭಾಗದಲ್ಲಿ ಹಲವು ದೇಶಗಳಲ್ಲಿ ಪತಂಗ ಸಪ್ತಾಹ ನಡೆಯುತ್ತದೆ, ನಿಮ್ಮೂರಲ್ಲಿ ಶುರುಮಾಡಲು ಅದೂ ಒಳ್ಳೇ ಸಮಯ.

ರಾತ್ರಿ ಹೊರಗೆ ಸೇರುವುದು ಕಷ್ಟ ಅನ್ನುವವರು ಅವರೆಕಾಯಿ ಕಾಲಕ್ಕೆ ಕಾಯಿರಿ. ಕಾಯಿ ಸುಲಿಯುವಾಗ ಸಿಗುವ ಹಸಿರು ಹುಳವನ್ನು ಎಸೆಯಬೇಡಿ. ಡಬ್ಬದ ತಳಕ್ಕೆ ನಾಲ್ಕು ಬೆರಳು ಸಡಿಲ ಮಣ್ಣು ಹಾಕಿ, ಒಂದೊಂದು ಡಬ್ಬಕ್ಕೆ ಒಂದೇ ಹುಳ, ದಿನಾ ಹೊಸ ಕಾಯಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಹುಳ ಮಣ್ಣಿಗೆ ಇಳಿದ ಮೇಲೆ ಅಲ್ಲಾಡಿಸದೆ ಬಿಡಿ. ಚಳಿಯಲ್ಲಿ ಪತಂಗ ಹೊರಬರುವುದು ಸ್ವಲ್ಪ ತಡವಾಗುತ್ತದೆ, ಮಣ್ಣು ಪೂರ್ತಿ ಒಣಗದಂತೆ ನೋಡಿಕೊಂಡರೆ ಸಾಕು.