ಫೋನ್ ಎತ್ತುವುದರಿಂದ ಶುರು

ಹಾಸನದ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ, ಮಕ್ಕಳಿಗೆ ಕೆಲಸದ ದಾರಿ ತೋರಿಸುವ ಪ್ಲೇಸ್‌ಮೆಂಟ್ ಸೆಲ್ಲೂ ನನ್ನ ತಲೆಗೇ ಬಿದ್ದಿದೆ. ಆಲೂರು, ಅರಕಲಗೂಡು, ಸಕಲೇಶಪುರದ ಕಡೆಯಿಂದ ಬಸ್ ಪಾಸಿನಲ್ಲಿ ಬರುವ ನಮ್ಮ ಮಕ್ಕಳಲ್ಲಿ ಬಹಳ ಜನ ಮನೆಯಲ್ಲೇ ಮೊದಲು ಡಿಗ್ರಿ ಕಂಡವರು. ಇಂಗ್ಲಿಷ್ ಬಾರದೆ ಇವರಿಗೆ ಕೆಲಸ ತಪ್ಪುತ್ತದೆ ಅನ್ನುತ್ತಾರೆ. ನಾನು ಕಂಡ ಹಾಗೆ ಅಲ್ಲಿಯತನಕ ಹೋಗುವುದೇ ಇಲ್ಲ, ಫೋನಿನಲ್ಲೇ ತಪ್ಪಿರುತ್ತದೆ.

ಕಂಪನಿಯ ಎಚ್‌ಆರ್, ಅಂದರೆ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ವಿಭಾಗದ ಕಡೆಯಿಂದ ಕರೆ ಬರುತ್ತದೆ. ಗೊತ್ತಿಲ್ಲದ ನಂಬರು, ಹುಡುಗ ಎತ್ತುವುದಿಲ್ಲ. ಎತ್ತಿದರೂ ಬರೀ 'ಓಕೆ ಮೇಡಂ, ಓಕೆ ಮೇಡಂ'. ಇಟ್ಟ ಮೇಲೆ ವಿಚಾರಿಸಿದರೆ ಇಂಟರ್‌ವ್ಯೂ ಎಲ್ಲಿ, ಎಷ್ಟು ಗಂಟೆಗೆ, ಒಂದೂ ತಿಳಿದಿಲ್ಲ. ದೊಡ್ಡವರನ್ನು ತಿರುಗಿ ಕೇಳಬಾರದು ಅಂತ ಬೆಳೆಸಿದವರು ನಾವೇ ತಾನೆ?

ಅದಕ್ಕೇ ಕೊನೆಯ ವರ್ಷದವರಿಗೆ ಮೊದಲು ಫೋನ್ ಪಾಠ. ಸ್ಟಾಫ್ ರೂಮಿನಿಂದ ನಾನೇ ಎಚ್‌ಆರ್ ಆಗಿ ಕರೆ ಮಾಡಿ, ಬೇಕೆಂದೇ ವಿಳಾಸವನ್ನು ಗಡಿಬಿಡಿಯಲ್ಲಿ ಒದರುತ್ತೇನೆ. 'ಇನ್ನೊಂದು ಸಲ ಹೇಳ್ತೀರಾ ಮೇಡಂ, ಬರ್ಕೋತೀನಿ' ಅನ್ನುವವರೆಗೂ ಬಿಡುವುದಿಲ್ಲ. ಮೂಲ ವೇತನದ ಶೇ. 12 ಪಿಎಫ್‌ಗೆ ಹೋದರೆ ಕೈಗೆ ಬರುವುದೆಷ್ಟು ಅಂತ ಕೇಳುವುದನ್ನೂ ಕಲಿಸುತ್ತೇನೆ. ಟೈ ಕಟ್ಟುವುದನ್ನು ಕಲಿಸಲು ಬರುವ ತರಬೇತುದಾರರ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ.

'ನಿಮ್ಮ ಬಗ್ಗೆ ಹೇಳಿ' ಅಂದರೆ ಎಲ್ಲರದ್ದೂ ಒಂದೇ ಗಿಳಿಪಾಠ. ಒಬ್ಬಳನ್ನು ಕೂರಿಸಿಕೊಂಡು, ರಜೇಲಿ ಏನ್ ಮಾಡ್ತೀಯಮ್ಮ ಅಂದೆ. 'ಏನಿಲ್ಲ ಮೇಡಂ, ಅಮ್ಮನ ಸಂಘದ ಲೆಕ್ಕ ಬರೀತೀನಿ.' ಸಾಲ, ಬಡ್ಡಿ, ಕಂತು ತಪ್ಪಿಸಿದವರ ಮನೆಗೆ ಹೋಗಿ ಜಗಳವಿಲ್ಲದೆ ವಸೂಲಿ, ಇಷ್ಟೂ ಅವಳಿಗೆ 'ಏನಿಲ್ಲ'! ಒಂದು ಹಣಕಾಸು ಸಂಸ್ಥೆಯವರ ಮುಂದೆ ಅದನ್ನೇ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ತೆಗೆದುಕೊಂಡರು.

ಇನ್ನೊಂದು ಕೊರತೆ ಪರಿಚಯದ್ದು. ಕೆಲಸದ ಸುದ್ದಿ ಆಪ್ತರಿಗಿಂತ ಅಪರೂಪಕ್ಕೆ ಸಿಗುವ ಪರಿಚಯಸ್ಥರಿಂದಲೇ ಹೆಚ್ಚು ಬರುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ನಮ್ಮ ಮಕ್ಕಳಿಗೆ ನೆಂಟರಿಗೇನೂ ಬರವಿಲ್ಲ, ಆಫೀಸುಗಳ ಒಳಗೆ ಗುರುತಿನವರಿಲ್ಲ. ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಅವರ ನಂಬರು ಕೊಡುತ್ತೇನೆ. ಷರತ್ತು ಒಂದೇ: 'ಕೆಲಸ ಕೊಡಿಸಿ' ಅನ್ನಬಾರದು, 'ನಿಮ್ಮ ಕೆಲಸ ಹೇಗಿರುತ್ತೆ' ಅಂತ ಕೇಳಬೇಕು.

ಮಗಳನ್ನು ಬೆಂಗಳೂರಿಗೆ ಕಳಿಸಲ್ಲ ಅನ್ನುವ ಅಪ್ಪನ ಮುಂದೆ ನನ್ನ ಮಾತು ನಡೆಯುವುದಿಲ್ಲ. ಅಲ್ಲಿಗೆ ಅದೇ ಊರಿನ ಕಡೆಯ ಹಳೆಯ ವಿದ್ಯಾರ್ಥಿನಿಯಿಂದ ಫೋನ್ ಮಾಡಿಸುತ್ತೇನೆ. ಪಿಜಿ ಬಾಡಿಗೆ, ರಾತ್ರಿ ಪಾಳಿ, ಕಂಪನಿ ಕ್ಯಾಬ್, ಎಲ್ಲವನ್ನೂ ಅವಳೇ ಬಿಡಿಸಿ ಹೇಳುತ್ತಾಳೆ. ಕೆಲವರು ಒಪ್ಪುತ್ತಾರೆ.